ಹೊಲದ ಹೂವಿಗೆ ತಾವರೆಯ ವೇಷ

ಹೆಣ್ಣನ್ನು ಹೂವಿಗೆ ಹೋಲಿಸುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮೊನ್ನೆ ಪಕ್ಕದ ಮನೆಯವರು ಮಗನ ಮದುವೆಯ ಕಾಗದ ಕೊಟ್ಟುಹೋದರು. ಕ್ರೈಸ್ತರು, ಬಹಳ ಒಳ್ಳೆಯ ಜನ. ಕ್ರಿಸ್‌ಮಸ್ಸಿಗೆ ನನಗೆಂದು ಮೊಟ್ಟೆಯಿಲ್ಲದ ಕೇಕನ್ನು ಬೇರೆಯಾಗಿ ಮಾಡಿ ಕಳಿಸುವಷ್ಟು ಒಳ್ಳೆಯವರು. ಕಾಗದದ ಮೇಲೆ ಬೈಬಲಿನ ಪ್ರೇಮಗೀತೆಯಿಂದ ಆರಿಸಿದ ಒಂದು ಹೂವಿನ ಸಾಲು. ಸುತ್ತಲೂ ಚಿತ್ರ: ಒಂದು ತಾವರೆ, ಒಂದು ಗುಲಾಬಿ, ಮೂಲೆಯಲ್ಲಿ ಒಂದು ಹಿಡಿ ದುಂಡುಮಲ್ಲಿಗೆ. ಅಚ್ಚು ಹಾಕಿದವನಿಗೆ ಅದು ಯಾವ ಹೂವೆಂದು ಗೊತ್ತಿರಲಿಲ್ಲವೇನೋ, ಯಾವುದಕ್ಕೂ ಇರಲಿ ಎಂದು ಮೂರನ್ನೂ ಹಾಕಿಬಿಟ್ಟಿದ್ದಾನೆ. ನೀವಾಗಿದ್ದರೆ ಚೆನ್ನಾಗಿದೆ ಎಂದು ತಲೆಯಾಡಿಸಿ ಕಾಗದವನ್ನು ಒಳಗಿಡುತ್ತಿದ್ದಿರಿ. ನಾನು ಕನ್ನಡಕ ಹಾಕಿಕೊಂಡು ಅರ್ಧ ಗಂಟೆ ಗೊಣಗಿದೆ.

ಸುಮ್ಮನೆ ಗೊಣಗುವ ಹೆಂಗಸು ನಾನಲ್ಲ. ಅಂದರೆ, ಗೊಣಗುತ್ತೇನೆ, ಆದರೆ ಕಾರಣವಿಟ್ಟುಕೊಂಡು ಗೊಣಗುತ್ತೇನೆ. ಈ ಒಂದು ಹೂವಿನ ದೆಸೆಯಿಂದ ನಾನು ಐವತ್ತರ ದಶಕದ ಕೊನೆಯಲ್ಲಿ ಸುಮಾರು ಒಂದು ವರ್ಷ ಮದರಾಸಿನ ಬಸ್ಸುಗಳಲ್ಲಿ ನೇತಾಡಿದ್ದೇನೆ.

ಆಗ ನಮ್ಮ ಮನೆ ತಿರುವಲ್ಲಿಕ್ಕೇಣಿಯಲ್ಲಿತ್ತು. ಮುತ್ತಜ್ಜನ ಕಾಲಕ್ಕೇ ಬಂದು ಬೇರೂರಿದ ಮಾಧ್ವರು ನಾವು. ಕನ್ನಡ ಮನೆಯೊಳಗೆ, ತಮಿಳು ಹೊಸ್ತಿಲಿನಿಂದಾಚೆ ಎಂದು ನೆಂಟರ ಮುಂದೆ ಜಂಬ ಕೊಚ್ಚುತ್ತಿದ್ದೆವು. ನಿಜ ಹೇಳಬೇಕೆಂದರೆ ತಮಿಳು ಆಗಲೇ ಅಡುಗೆಮನೆಯವರೆಗೂ ಬಂದು ಮಣೆ ಹಾಕಿಕೊಂಡು ಕೂತಿತ್ತು. ಕೂತಿರಲಿಲ್ಲವೆಂದರೆ ಅದು ಅಪ್ಪನ ನಾಲಗೆಯ ಮೇಲೆ ಮಾತ್ರ. ಅಪ್ಪ ಒಂದು ಶಾಲೆಯಲ್ಲಿ ಕನ್ನಡ, ಸಂಸ್ಕೃತ ಎರಡಕ್ಕೂ ಪಂಡಿತರು. ಹಳೆಯ ಕಾವ್ಯ ಓದಿ ಓದಿ ಅವರಿಗೆ ಯಾವುದನ್ನೂ ಇದ್ದಂತೆ ಹೇಳಲು ಬಾರದಾಗಿತ್ತು. ಮನೆಗೆ ಬಂದ ಬೆಕ್ಕಿಗೂ ಒಂದು ವಿಶೇಷಣ ಕೊಡದೆ ಓಡಿಸುತ್ತಿರಲಿಲ್ಲ. ಅಮ್ಮ ಸಾರಿಗೆ ಉಪ್ಪು ಜಾಸ್ತಿ ಮಾಡಿದ ದಿನ ಅಪ್ಪ ಸಮುದ್ರವನ್ನು ನೆನೆಯುತ್ತಿದ್ದರು, ಅಮ್ಮ ಪಾತ್ರೆಗಳನ್ನು ಕುಕ್ಕುತ್ತಿದ್ದಳು.

ಇಂಥ ಅಪ್ಪನನ್ನು ಹುಡುಕಿಕೊಂಡು ಊರಿನ ಇನ್ನೊಂದು ಕಡೆಯ ಕೀಲ್ಪಾಕಿನಿಂದ ಒಬ್ಬ ವಯಸ್ಸಾದ ಪಾದ್ರಿಗಳು ಬಂದರು. ಮಂಗಳೂರಿನ ಕಡೆಯವರು, ಕೆಲಸದಿಂದ ನಿವೃತ್ತರಾಗಿ ಮಗಳ ಮನೆಯಲ್ಲಿದ್ದರು. ನಾವು ಅವರನ್ನು ಅಯ್ಯನವರು ಎನ್ನುತ್ತಿದ್ದೆವು. ಅವರಿಗೆ ಹೀಬ್ರೂ ಭಾಷೆ ಬರುತ್ತಿತ್ತು. ಬೈಬಲಿನ ಪ್ರೇಮಪದ್ಯಗಳನ್ನು ಮೂಲದಿಂದ ನೇರವಾಗಿ ಕನ್ನಡಕ್ಕೆ ತರಬೇಕೆಂಬುದು ಅವರ ಆಸೆ. ಯಾರೂ ಮಾಡಿರೆಂದು ಹೇಳಿರಲಿಲ್ಲ, ಯಾರೂ ಅಚ್ಚು ಹಾಕುತ್ತೇವೆಂದೂ ಅಂದಿರಲಿಲ್ಲ. ತಮ್ಮ ಸಂತೋಷಕ್ಕೆ ಮಾಡಿಕೊಳ್ಳುತ್ತಿದ್ದರು, ಕನ್ನಡ ತಿದ್ದಲು ಒಬ್ಬ ಪಂಡಿತರು ಬೇಕಾಗಿತ್ತು. ಅಪ್ಪನಿಗೆ ತಿದ್ದುವುದೆಂದರೆ ಹಬ್ಬ. ಪ್ರತಿ ಶನಿವಾರ ಮಧ್ಯಾಹ್ನ ಕೀಲ್ಪಾಕಿಗೆ ಹೋಗುವುದೆಂದು ನಿಷ್ಕರ್ಷೆಯಾಯಿತು. ಅಪ್ಪನ ಕೈಬರಹ ಅವರಿಗೇ ಓದಲು ಬರುತ್ತಿರಲಿಲ್ಲವಾದ್ದರಿಂದ, ಹೇಳಿದ್ದನ್ನು ಬರೆದುಕೊಳ್ಳಲು ನಾನು. ಇಂಟರ್‌ಮೀಡಿಯೆಟ್ ಮುಗಿಸಿ, ಮದುವೆಗೆ ಕಾಯುತ್ತಾ ಮನೆಯಲ್ಲಿ ಕೂತ ಹುಡುಗಿ, ಇನ್ನೇನು ಕೆಲಸ?

ಅಮ್ಮನಿಗೆ ಇದು ಹಿಡಿಸಲಿಲ್ಲ. "ಪಾದ್ರಿ ಮನೇಲಿ ಕಾಫಿ ಕೀಫಿ ಕುಡ್ದು ಬಂದ್ರೆ ನಾನು ಒಳಗೆ ಸೇರ್ಸಲ್ಲ, ಆಮಾ!" ಎಂದು ಮೊದಲ ದಿನವೇ ತನ್ನ ತಮಿಳು ಬೆರೆತ ಕನ್ನಡದಲ್ಲಿ ಎಚ್ಚರಿಸಿದಳು. ಅಯ್ಯನವರು ನಮಗಿಂತ ಜಾಣರು. ಅಪ್ಪನ ಮಡಿಯ ವಿಷಯ ಅವರಿಗೆ ಗೊತ್ತಿತ್ತು. ನಾವು ಹೋದ ಕೂಡಲೇ ಎರಡು ಎಳನೀರು ಬರುತ್ತಿದ್ದವು. ಕಾಯಿ ಕೆತ್ತಿದ್ದು ನಮ್ಮ ಕಣ್ಣೆದುರಿಗೆ, ಪಾತ್ರೆ ದೇವರು ಮಾಡಿದ್ದು, ಯಾವ ಶಾಸ್ತ್ರಕ್ಕೂ ಬಾಯಿ ತೆರೆಯಲು ಅವಕಾಶವಿರಲಿಲ್ಲ. ಆ ಒಂದು ವರ್ಷದಲ್ಲಿ ನಾನು ಕುಡಿದಷ್ಟು ಎಳನೀರನ್ನು ಟೈಫಾಯಿಡ್ ರೋಗಿಗಳೂ ಕುಡಿದಿರಲಾರರು.

ಮೊದಲ ನಾಲ್ಕೈದು ವಾರ ಸುಖವಾಗಿ ನಡೆಯಿತು. ಆಮೇಲೆ ಆ ಹೂವು ಬಂತು.

ಪದ್ಯದಲ್ಲಿ ಒಬ್ಬ ಹುಡುಗಿ ಇದ್ದಾಳೆ. ದ್ರಾಕ್ಷಿತೋಟದಲ್ಲಿ ದುಡಿಯುವವಳು. ಅಣ್ಣಂದಿರು ಸಿಟ್ಟು ಮಾಡಿಕೊಂಡು ಅವಳನ್ನು ಬಿಸಿಲಿಗೆ ಅಟ್ಟಿದ್ದರಿಂದ ಕಪ್ಪಾದವಳು. ಅವಳು ಒಂದು ಕಡೆ ತನ್ನನ್ನು ಒಂದು ಹೂವೆಂದು ಹೇಳಿಕೊಳ್ಳುತ್ತಾಳೆ. ಅದು ಯಾವ ಹೂವು? ಅಪ್ಪ ಒಂದು ಕ್ಷಣವೂ ಯೋಚಿಸದೆ, "ರುಕ್ಕು, ತಾವರೆ ಅಂತ ಬರ್ಕೋ" ಎಂದರು. ನಾನು ಬರೆದುಕೊಂಡೆ. ಅಯ್ಯನವರು ತಲೆ ಅಲ್ಲಾಡಿಸಿದರು.

"ಹಾಗಲ್ಲ ಪಂಡಿತರೇ. ಅದು ಕೆರೆಯ ಹೂವಲ್ಲ. ತಗ್ಗಿನಲ್ಲಿ, ಬಯಲಿನಲ್ಲಿ, ಹುಲ್ಲಿನ ನಡುವೆ ತಾನೇ ಹುಟ್ಟಿಕೊಳ್ಳುವಂಥದ್ದು. ಆಡು ಮೇಯ್ದರೂ ಯಾರೂ ಕೇಳುವವರಿಲ್ಲ."

"ಅಂಥ ಹೂವಿಗೆ ಕಾವ್ಯದಲ್ಲಿ ಏನು ಕೆಲಸ, ಅಯ್ಯನವರೇ? ನಾಯಿಕೆ ಅಂದಮೇಲೆ ಮುಖ ತಾವರೆ, ಕಣ್ಣು ನೈದಿಲೆ. ಸಾವಿರ ವರ್ಷದಿಂದ ನಡ್ಕೊಂಡು ಬಂದಿದೆ."

"ಅವಳಿಗೆ ನಿಮ್ಮ ಸಾವಿರ ವರ್ಷ ಗೊತ್ತಿರಲಿಲ್ಲ ಮಾರಾಯ್ರೆ."

ಆ ಶನಿವಾರ ತಾವರೆಯನ್ನು ಹೊಡೆದುಹಾಕಿದೆ. ಮುಂದಿನ ಶನಿವಾರ ಮತ್ತೆ ಬರೆದೆ. ಅದರ ಮುಂದಿನ ಶನಿವಾರ ಅಪ್ಪ ನಿಘಂಟು ಹೊತ್ತುಕೊಂಡು ಬಂದರು. ಅಂದರೆ ನಾನು ಹೊತ್ತುಕೊಂಡು ಬಂದೆ. ಮದರಾಸಿನ ಬಸ್ಸಿನಲ್ಲಿ ನಿಂತು, ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ನಿಘಂಟು ಹಿಡಿದು, ಕಂಡಕ್ಟರನಿಗೆ ಟಿಕೆಟ್ಟಿನ ಚಿಲ್ಲರೆಯನ್ನು ಯಾವ ಕೈಯಿಂದ ಕೊಡುವುದೆಂದು ಯಾವ ಕವಿಯೂ ಬರೆದಿಟ್ಟಿಲ್ಲ. ಹೊತ್ತವಳು ನಾನಾದರೂ ಆಯಾಸ ಅಪ್ಪನಿಗಾಗುತ್ತಿತ್ತು, ದಾರಿಯುದ್ದಕ್ಕೂ ಉಸ್ಸೆನ್ನುತ್ತಿದ್ದರು.

ಒಂದು ಸಲ ಅಯ್ಯನವರಿಗೆ ಹುಕಿ ಬಂದು, ಕೂತು ವಾದ ಮಾಡಿದ್ದು ಸಾಕು, ಹೋಗಿ ನೋಡಿಯೇ ಬರೋಣ ಎಂದರು. ಅವರಿಗೆ ಪರಿಚಯದವರೊಬ್ಬರು ತಿರುವೊಟ್ಟಿಯೂರಿನ ಆಚೆ ಮಣಲಿಯ ಹತ್ತಿರ ಇದ್ದರು. ಆಗ ಮಣಲಿಯೆಂದರೆ ಹೊಲ, ಕೆರೆ, ತಾಳೆಮರ. ಈಗಿರುವ ಪೆಟ್ರೋಲಿನ ಕಾರ್ಖಾನೆಯ ಮಾತೇ ಇರಲಿಲ್ಲ. ಮಳೆ ಬಿದ್ದ ಮರುದಿನ ನಾವು ಮೂವರೂ ಕೆಸರಿನಲ್ಲಿ ಕಾಲೆಳೆಯುತ್ತಾ ಹೋದೆವು. ಕೆರೆಯಲ್ಲಿ ತಾವರೆ ಅರಳಿತ್ತು. ಅಪ್ಪ ಗೆದ್ದವರ ಹಾಗೆ ಕೈ ಚಾಚಿ ತೋರಿಸಿದರು. ಅಯ್ಯನವರು ಕೆರೆಯ ಕಡೆ ನೋಡಲೇ ಇಲ್ಲ. ಬದುವಿನ ಪಕ್ಕದ ಬಯಲಿನಲ್ಲಿ ಮೊಣಕಾಲೂರಿ, ಹುಲ್ಲಿನ ನಡುವೆ ಎದ್ದಿದ್ದ ಒಂದು ಗೇಣುದ್ದದ ಬಿಳಿಯ ಹೂವನ್ನು ನೋಡುತ್ತಾ ಕೂತರು. ಅದಕ್ಕೇನು ಹೆಸರೆಂದು ಅಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸನ್ನು ಕೇಳಿದರೆ, "ಅದುಕ್ಕು ಏದುಂಗ ಪೇರು" ಎಂದು ನಕ್ಕಳು. ಹೆಸರಿಡುವಷ್ಟು ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅಯ್ಯನವರ ಮುಖ ಮಗುವಿನ ಹಾಗೆ ಅರಳಿತು. ನನಗೆ ಮಾತ್ರ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿತ್ತು. ತಿರುವೊಟ್ಟಿಯೂರಿನ ಬಸ್ಸಿನವರೆಗೂ ಬರಿಗಾಲಿನಲ್ಲಿ ನಡೆಯುತ್ತಾ ಎರಡು ಹೂವುಗಳಿಗೂ, ಎರಡು ಮುದುಕರಿಗೂ ಶಾಪ ಹಾಕಿದೆ.

ಹೂವಿನ ಬಗ್ಗೆ ನನಗಿದ್ದ ತಾತ್ಸಾರಕ್ಕೆ ಬೇರೆ ಕಾರಣವೂ ಇತ್ತು. ನಮ್ಮ ಬೀದಿಯಲ್ಲಿ ಹೂವೆಂದರೆ ಮೊಳ. ಹೂವಿನವಳು ಸಂಜೆ ಬುಟ್ಟಿ ಇಳಿಸಿ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು ಕೊಡುತ್ತಿದ್ದಳು. ನಮ್ಮಮ್ಮ ಒಂದು ಮೊಳ ಕೊಂಡರೆ ಮಾಮೂಲು ದಿನ, ಎರಡು ಕೊಂಡರೆ ಶುಕ್ರವಾರ, ಎಂಟೋ ಹತ್ತೋ ಕೊಂಡರೆ ನನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದು ಬೀದಿಗೆಲ್ಲ ತಿಳಿಯುತ್ತಿತ್ತು. "ಎನ್ನ ಮಾಮಿ, ಪೊಣ್ಣು ಪಾಕ್ಕ ವರಾಂಗಳಾ?" ಎಂದು ಹೂವಿನವಳು ಗಟ್ಟಿಯಾಗಿ ಕೇಳುವಳು. ಎದುರುಮನೆಯ ಕಿಟಕಿಗಳು ತೆರೆದುಕೊಳ್ಳುವುವು.

ಅಮ್ಮನದು ಒಂದು ಸಿದ್ಧಾಂತ. ನನ್ನ ಬಣ್ಣ ಕಪ್ಪು. ಎಣ್ಣೆಗಪ್ಪು ಎಂದು ಅತ್ತೆಯರು ಮರ್ಯಾದೆಗೆ ಹೇಳುತ್ತಿದ್ದರು. ಕನ್ನಡಿ ಅಷ್ಟು ಮರ್ಯಾದೆ ಇಟ್ಟುಕೊಂಡಿರಲಿಲ್ಲ. ಆದ್ದರಿಂದ ಜಡೆಯ ತುಂಬ ಹೂವು ಹೊಲಿದುಬಿಟ್ಟರೆ ನೋಡುವವರ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಮುಖಕ್ಕೆ ಇಳಿಯುವುದಿಲ್ಲ ಎಂದು ಅವಳ ನಂಬಿಕೆ. ನಾನೂ ಏನು ಕಡಿಮೆಯವಳಲ್ಲ, ಕದ್ದು ಮುಖಕ್ಕೆ ಬಿಳಿಯ ಸ್ನೋ ಕ್ರೀಮು ಬಳಿದುಕೊಳ್ಳುತ್ತಿದ್ದೆ. ಅದು ಒಣಗಿದ ಮೇಲೆ ಬೂದಿ ಬಳಿದ ಕುಂಬಳಕಾಯಿಯ ಹಾಗೆ ಕಾಣುತ್ತಿದ್ದೆ. ಎರಡು ಕಡೆಯವರು ಬಂದು, ಸೊಜ್ಜಿ ಬಜ್ಜಿ ತಿಂದು, ಜಾತಕದಲ್ಲಿ ಏನೋ ತೊಡಕೆಂದು ಹೇಳಿಕಳಿಸಿದ್ದರು. ಮಿಕ್ಕ ಬಜ್ಜಿಯನ್ನು ಮರುದಿನ ನಾನೇ ತಿಂದು ಮುಗಿಸುತ್ತಿದ್ದೆ. ದುಃಖವಾಗಿತ್ತು, ಆದರೆ ಬಜ್ಜಿ ಏನು ಪಾಪ ಮಾಡಿತ್ತು?

ಮೂರನೆಯವರಿಗೆ ಕಾಗದ ಬರೆಯುವಾಗ ಅಪ್ಪ ಹುಷಾರಾಗಿರಬೇಕಿತ್ತು. ಹುಡುಗಿಯ ನಕ್ಷತ್ರ, ಗೋತ್ರ, ಓದು ಬರೆದು ನಿಲ್ಲಿಸಬಹುದಿತ್ತು. ಅಪ್ಪನಿಂದಾಗಲಿಲ್ಲ. 'ಕಮಲಮುಖಿಯಾದ ನಮ್ಮ ಕುಮಾರಿ' ಎಂದು ಬರೆದುಬಿಟ್ಟರು! ಅವರ ಲೆಕ್ಕದಲ್ಲಿ ಅದು ಸುಳ್ಳಲ್ಲ. ಕಾವ್ಯದಲ್ಲಿ ಹುಡುಗಿಯ ಮುಖಕ್ಕೆ ಬೇರೆ ಹೂವೇ ಇಲ್ಲವಲ್ಲ. ಆದರೆ ಓದಿದವರು ಕಾವ್ಯದವರಲ್ಲ, ಮೈಲಾಪುರದವರು. ಸಂಜೆ ಬಂದರು. ನಮ್ಮ ಹಜಾರದಲ್ಲಿ ಒಂದೇ ಒಂದು ಮಂಕು ಬಲ್ಬು. ಹುಡುಗನ ತಾಯಿ ನನ್ನನ್ನು ನೋಡಿದರು, ಬಲ್ಬನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಹುಡುಗ ಬಜ್ಜಿಯನ್ನು ನೋಡುತ್ತಿದ್ದ. ಒಂದು ವಾರದ ಮೇಲೆ, ಮಾತು ನಡೆಸಿಕೊಟ್ಟಿದ್ದ ನಮ್ಮ ದೂರದ ನೆಂಟರು ಬಂದು ಹೇಳಿದರು:

"ಅವರಿಗೆ ಮನಸ್ಸಿದೆ. ಆದ್ರೆ ನೀವು ಕಮಲ ಅಂತ ಬರೆದಿದ್ರಲ್ಲ, ಅದು ದೀಪದ ಬೆಳಕಲ್ಲಿ ಶರಿಯಾ ತಿಳೀಲಿಲ್ವಂತೆ. ಮುಂದಿನ ಭಾನುವಾರ ಹನ್ನೊಂದು ಗಂಟೆಗೆ ಬಂದು, ಹಗಲಲ್ಲಿ ಇನ್ನೊಂದ್ಸಲ ನೋಡ್ತಾರಂತೆ. ಹುಡುಗೀನ ತೊಟ್ಟಿ ಹತ್ರ ಬಿಸಿಲಲ್ಲಿ ಕೂರಿಸಬೇಕಂತೆ."

ರೇಷ್ಮೆ ಅಂಗಡಿಯಲ್ಲಿ ಸೀರೆಯ ಬಣ್ಣ ಸರಿಯಾಗಿ ತಿಳಿಯದಿದ್ದರೆ ಬಾಗಿಲಾಚೆ ಒಯ್ದು ಬಿಸಿಲಿಗೆ ಹಿಡಿದು ನೋಡುವುದಿಲ್ಲವೇ, ಹಾಗೆ. ಅಪ್ಪ ಏನಾದರೂ ಅನ್ನುತ್ತಾರೆಂದು ನಾನು ಕಂಬದ ಮರೆಯಲ್ಲಿ ನಿಂತು ಕಾದೆ. ಅಪ್ಪ ಶಲ್ಯದ ಅಂಚನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ, "ಆಗಲಿ, ಬರಲಿ" ಎಂದರು. ಅಮ್ಮ ಆಗಲೇ ಎಷ್ಟು ಮೊಳ ಬೇಕಾಗುತ್ತದೆಂದು ಯೋಚಿಸುತ್ತಿದ್ದಳು. ಬೇಡವೆಂದು ನಾನು ಹೇಳಿದೆ. "ಪೇಸಾಮೆ ಇರು. ನಿನ್ನ ಒಳ್ಳೇದಕ್ಕೇ ಹೇಳೋದು" ಎಂದು ಬಾಯಿ ಮುಚ್ಚಿಸಿದಳು ಅಮ್ಮ. ಅವಳದೇನು ತಪ್ಪು? ಅವಳನ್ನೂ ಯಾರೋ ಹೀಗೆಯೇ ನೋಡಿ ಆರಿಸಿದ್ದರು.

ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ. ಒಂದು ಸಲ ನೋಡಿಸಿಕೊಳ್ಳುವುದಕ್ಕೆ ಹುಡುಗಿಯರು ಒಗ್ಗಿಹೋಗಿದ್ದ ಕಾಲ ಅದು, ನಾನೂ ಒಗ್ಗಿದ್ದೆ. ಆದರೆ ಪರೀಕ್ಷೆಗೆಂದು ಬಿಸಿಲಿನಲ್ಲಿ ಕೂರುವುದು, ಅದೂ ಅಪ್ಪ ಪಕ್ಕದಲ್ಲಿ ಕೈಕಟ್ಟಿ ನಿಂತಿರುವಾಗ, ನನ್ನಿಂದಾಗದೆಂದು ಅನ್ನಿಸಿತ್ತು. ಬಾವಿಗೆ ಬೀಳುತ್ತೇನೆಂದು ಸಿನಿಮಾದವರ ಹಾಗೆ ಯೋಚಿಸಿದೆ. ನಮ್ಮ ಬಾವಿಯಲ್ಲಿ ಮೊಣಕಾಲುದ್ದ ನೀರೂ ಇರಲಿಲ್ಲ.

ಭಾನುವಾರದ ಹಿಂದಿನ ದಿನ ಶನಿವಾರ. ಆ ಶನಿವಾರವೂ ಕೀಲ್ಪಾಕಿಗೆ ಹೋಗಬೇಕೆಂದರು ಅಪ್ಪ! ಹೋದೆವು. ಎಳನೀರು ಬಂತು. ಅಯ್ಯನವರು ಅವತ್ತು ಹೊಸದೇನನ್ನೋ ಕಂಡುಕೊಂಡವರ ಹಾಗೆ ಉತ್ಸಾಹದಲ್ಲಿದ್ದರು.

"ನೋಡಿ ಪಂಡಿತರೇ, ಈ ಪದ್ಯಗಳಲ್ಲಿ ಎಷ್ಟು ಹೂವು ಬರುತ್ತವೆ! ದಾಳಿಂಬೆಯ ಹೂವು, ಗೋರಂಟಿಯ ಹೂಗೊಂಚಲು, ದ್ರಾಕ್ಷಿಯ ಹೂವು. ಒಂದನ್ನಾದರೂ ಹೆಣ್ಣಿನ ತಲೆಗೆ ಮುಡಿಸುವ ಮಾತಿಲ್ಲ. ಕೀಳುವ ಮಾತು ಬಂದೀತು, ಮುಡಿಸುವುದಿಲ್ಲ. ಹೂವು ಅರಳಿತೋ ಇಲ್ಲವೋ ಅಂತ ನೋಡಲಿಕ್ಕೆ ಇವರೇ ತೋಟಕ್ಕೆ ಹೋಗ್ತಾರೆ."

"ಅದು ಅವರ ದೇಶಾಚಾರ" ಎಂದರು ಅಪ್ಪ. "ಆದರೆ ನಾಯಿಕೆ ತನ್ನ ಚೆಲುವನ್ನ ಹೇಳಿಕೊಳ್ಳೋ ಜಾಗದಲ್ಲಿ ಯಾವುದೋ ಹುಲ್ಲಿನ ಹೂವು ಹಾಕಿದರೆ ರಸಭಂಗ. ತಾವರೆಯೇ ಇರಲಿ. ರುಕ್ಕು, ಬರ್ಕೋ."

ನಾನು ಬರೆದುಕೊಳ್ಳಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ ಕೂತಿದ್ದೆ. ಅಯ್ಯನವರು ಅದನ್ನು ನೋಡಿದರು.

"ಪಂಡಿತರೇ, ನಾವಿಬ್ಬರು ಗಂಡಸರು, ಅದೂ ಮುದುಕರು" ಎಂದರು. "ಇದು ಹುಡುಗಿ ಆಡುವ ಮಾತು. ಇಲ್ಲೊಬ್ಬಳು ಹುಡುಗಿ ಒಂದು ವರ್ಷದಿಂದ ಬರೆದುಕೊಳ್ತಾ ಇದ್ದಾಳೆ, ಅವಳನ್ನು ನಾವು ಕೇಳಲೇ ಇಲ್ಲ ನೋಡಿ. ನೀನು ಹೇಳು ಮಗಳೇ, ಒಬ್ಬ ಹುಡುಗಿ ತಾನು ಇಂಥ ಹೂವು ಅಂತ ಯಾವಾಗ ಹೇಳಿಕೊಳ್ತಾಳೆ?"

ಒಳ್ಳೆಯ ಹುಡುಗಿಯ ಹಾಗೆ ನನಗೆ ತಿಳಿಯದು ಎನ್ನಬಹುದಿತ್ತು. ಆದರೆ ಒಂದು ವಾರದಿಂದ ತಡೆದಿಟ್ಟದ್ದೆಲ್ಲ ಬಾಯಿಗೆ ಬಂದುಬಿಟ್ಟಿತು.

"ಯಾರೋ ಬಂದು ಅವಳನ್ನ ಮೇಲಿಂದ ಕೆಳಗೆ ನೋಡಿ, ಸಾಲದು, ಬಿಸಿಲಲ್ಲಿ ಇನ್ನೊಂದ್ಸಲ ನೋಡ್ಬೇಕು ಅಂದಾಗ ಹೇಳ್ಕೋತಾಳೆ. ಅವಳು ಹೊಗಳ್ಕೋತಾ ಇಲ್ಲ ಅಯ್ಯನವರೇ. ನನ್ನನ್ನೇನು ಹಾಗೆ ನೋಡ್ತೀರಿ, ನಾನು ಹೊಲದಲ್ಲಿ ಹುಟ್ಟಿರೋ ಹೂವು, ಇಂಥವು ಅಲ್ಲಿ ಸಾವಿರ ಇವೆ, ಬಿಸಿಲಲ್ಲಿ ಬೆಂದು ಕಪ್ಪಾಗಿದೀನಿ, ನನ್ನನ್ನ ನನ್ನ ಪಾಡಿಗೆ ಬಿಡಿ ಅಂತಿದಾಳೆ. ಅಪ್ಪ ಅವಳಿಗೂ ತಾವರೆ ವೇಷ ಹಾಕಿ, ಮತ್ತೆ ಜನದ ಮುಂದೆ ಮಣೆ ಮೇಲೆ ಕೂರಿಸ್ತಿದಾರೆ!"

ಹೇಳಿದ ಮೇಲೆ ಭಯವಾಯಿತು. ಅಪ್ಪನ ಎದುರಿಗೆ ಅಷ್ಟು ಮಾತನ್ನು ನಾನು ಹುಟ್ಟಿದಮೇಲೆ ಆಡಿರಲಿಲ್ಲ, ಅದೂ ಪರರ ಮನೆಯಲ್ಲಿ. ಅಳುವೂ ಬಂತು. ಅಳುತ್ತಿರುವುದಕ್ಕೆ ಸಿಟ್ಟೂ ಬಂತು. ಮುಖ ಮುಚ್ಚಿಕೊಳ್ಳಲು ಬೇರೇನೂ ಸಿಗದೆ ಎಳನೀರಿನ ಬುರುಡೆಯನ್ನೇ ಎತ್ತಿ ಹಿಡಿದೆ. ಅದು ಖಾಲಿಯಾಗಿತ್ತು.

ಅಯ್ಯನವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಆಮೇಲೆ ಮೂಲದ ಪುಸ್ತಕದ ಮೇಲೆ ಬೆರಳಿಟ್ಟು, "ಇದರ ಮುಂದಿನ ಸಾಲು ಹುಡುಗನದು ಪಂಡಿತರೇ" ಎಂದು ಮೆಲ್ಲಗೆ ಹೇಳಿದರು. "ಅಲ್ಲ, ನೀನು ಅದಕ್ಕಿಂತ ದೊಡ್ಡ ಹೂವು ಅಂತ ಅವನು ಹೇಳುವುದಿಲ್ಲ. ಅವಳು ಯಾವ ಹೂವು ಅಂದಳೋ ಅದನ್ನೇ ಒಪ್ಪಿಕೊಳ್ತಾನೆ. ಸುತ್ತ ಇರುವುದೆಲ್ಲ ಮುಳ್ಳು ಅಂತಾನೆ, ಅಷ್ಟೇ. ಇಷ್ಟು ವರ್ಷ ಇದನ್ನು ಓದಿದ್ದೇನೆ, ಇವತ್ತು ತಿಳಿಯಿತು."

ಅಪ್ಪ ಶಲ್ಯ ಎತ್ತಿಕೊಂಡರು. ಅವತ್ತು ಬೇಗ ಎದ್ದೆವು. ಬಸ್ಸಿನಲ್ಲಿ ಸೀಟು ಸಿಕ್ಕಿತು. ಅಪ್ಪ ಕಿಟಕಿಯಾಚೆ ನೋಡುತ್ತಾ ಕೂತರು. ಬೈಯುತ್ತಾರೆಂದು ನಾನು ಕಾಯುತ್ತಿದ್ದೆ, ಬೈದಿದ್ದರೆ ಸಮಾಧಾನವಾಗುತ್ತಿತ್ತು. ತಿರುವಲ್ಲಿಕ್ಕೇಣಿಯಲ್ಲಿ ಇಳಿದು ಬೀದಿಯ ತಿರುವಿನವರೆಗೆ ಬಂದ ಮೇಲೆ ಒಂದೇ ಮಾತು ಕೇಳಿದರು.

"ಅಷ್ಟು ನೋವಾಯ್ತೇನೇ?"

"ಆಯ್ತು" ಎಂದೆ.

ಮನೆಯಲ್ಲಿ ಅಮ್ಮ ತೊಟ್ಟಿಯ ಪಕ್ಕ ಸಾರಿಸಿ, ಮರುದಿನ ನಾನು ಕೂರಬೇಕಾದ ಕಡೆ ರಂಗೋಲಿಯ ಚುಕ್ಕಿ ಇಡುತ್ತಿದ್ದಳು. ಅಪ್ಪ ಕೈಕಾಲು ತೊಳೆದವರು ಸ್ನಾನಕ್ಕೂ ಹೋಗದೆ ಪೆಟ್ಟಿಗೆಯ ಮುಂದೆ ಕೂತು ಒಂದು ಹಾಳೆ ತೆಗೆದರು. ಅಮ್ಮ, "ಏನು ಬರೀತಿದೀರಿ ಈಗ?" ಎಂದಳು. "ಅವರಿಗೆ ಬೇಡ ಅಂತ" ಎಂದರು ಅಪ್ಪ. ಅಮ್ಮ ರಂಗೋಲಿ ಬಟ್ಟಲನ್ನು ಅಲ್ಲೇ ಬಿಟ್ಟು ಎದ್ದು ಬಂದಳು. ಒಳ್ಳೆಯ ಸಂಬಂಧವೆಂದಳು, ಬೀದಿಯವರು ಏನಂದಾರು ಎಂದಳು, ಹೆಣ್ಣು ಹೆತ್ತವರಿಗೆ ಇಷ್ಟು ರೋಷ ಆಗದೆಂದಳು, ಕೊನೆಗೆ ಸೆರಗಿನಿಂದ ಮೂಗು ಒರೆಸಿಕೊಂಡು ಕಂಬಕ್ಕೊರಗಿ ಕೂತಳು. ಅಪ್ಪ ಬರೆಯುವುದನ್ನು ನಿಲ್ಲಿಸಲಿಲ್ಲ. ಆದರೆ ಬರೆದದ್ದು ನಾಲ್ಕೇ ಸಾಲು. ಯಾರಾದರೂ ಓದಬಲ್ಲಂತೆ ದಪ್ಪಕ್ಷರದಲ್ಲಿ, ಒಂದೊಂದಾಗಿ ಬಿಡಿಸಿ ಬರೆದಿದ್ದರು.

'ನಮ್ಮ ಹುಡುಗಿ ಕಪ್ಪು. ನನ್ನ ಹಿಂದಿನ ಕಾಗದದಲ್ಲಿ ಬರೆದ ಹೋಲಿಕೆ ತಪ್ಪು. ಹಗಲಿನಲ್ಲಿ ನೋಡಿದರೂ ಅವಳು ಕಪ್ಪೇ, ಆದ್ದರಿಂದ ತಾವು ನಾಳೆ ಬರುವುದು ಬೇಡ. ಕ್ಷಮಿಸಬೇಕು.'

ಅಪ್ಪ ಜೀವನದಲ್ಲಿ ಬರೆದ ಮೊದಲ ಸರಳ ಕನ್ನಡ ಅದೇ ಇರಬೇಕು. ಅದನ್ನು ತಾವೇ ಈಗಲೇ ಮೈಲಾಪುರಕ್ಕೆ ಹೋಗಿ ಕೊಟ್ಟುಬರುವುದಾಗಿ ಹೇಳಿ ಶಲ್ಯ ಹೊದ್ದರು. ಬಾಗಿಲವರೆಗೆ ಹೋದವರು ಏನು ತೋಚಿತೋ, ತಿರುಗಿ ಬಂದು ಹಾಳೆಯನ್ನೂ ಪೆನ್ನನ್ನೂ ನನ್ನ ಕೈಗಿಟ್ಟರು.

"ತಿದ್ದೋದಿದ್ರೆ ತಿದ್ದು" ಎಂದರು.

ನಾನು ಎರಡು ಸಲ ಓದಿದೆ. 'ಕ್ಷಮಿಸಬೇಕು' ಎಂಬುದನ್ನು ಹೊಡೆದುಹಾಕಿ ಕೊಟ್ಟೆ. ಅಪ್ಪ ಆ ಗೀಟನ್ನು ನೋಡಿದರು, ಹಾಳೆಯನ್ನು ಮಡಿಸಿಕೊಂಡು ಹೊರಟರು.